ಅಕ್ಕ ಕೇಳಿದ ಎರಡು ನಿಮಿಷ

ನಮ್ಮ ತಂಡಕ್ಕೆ ಅಕ್ಕನನ್ನು ಕರೆತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ, ಮುಂದೆ ನಾನು ಮಾಡಿದ್ದನ್ನು ಓದಿದವರು ನನಗೆ ಅವರನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ ಎಂದುಕೊಂಡಾರು. ಹಾಗಿರಲಿಲ್ಲ. ಆ ಊರಿನಲ್ಲಿ ನನಗೆ ಅವರಷ್ಟು ಹತ್ತಿರದವರು ಇನ್ನೊಬ್ಬರಿರಲಿಲ್ಲ.

ಆಗ ನನಗೆ ಇಪ್ಪತ್ಮೂರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಸ್ವೀಡನ್ನಿನ ಉಮೆಯೊಗೆ ಎಂ.ಎಸ್ಸಿ. ಓದಲು ಬಂದು ಒಂದು ವರ್ಷವಾಗಿತ್ತು. ಹೈಸ್ಕೂಲಿನಿಂದಲೂ ಬ್ಯಾಸ್ಕೆಟ್‌ಬಾಲ್ ಆಡಿದವಳಾದ್ದರಿಂದ ಅಲ್ಲಿನ ವಿದ್ಯಾರ್ಥಿನಿಯರ ತಂಡಕ್ಕೆ ಸೇರಿಕೊಂಡೆ. ನನ್ನ ಎತ್ತರ ಅವರ ಭುಜಕ್ಕೂ ಬರುತ್ತಿರಲಿಲ್ಲ. ಆದರೆ ಕುಳ್ಳಿಯರಿಗೂ ಆ ಆಟದಲ್ಲಿ ಒಂದು ಜಾಗವಿದೆ. ಪಾಯಿಂಟ್ ಗಾರ್ಡ್ ಎಂದರೆ ಹಿಂದಿನಿಂದ ಚೆಂಡು ತಂದು, ಯಾರು ಎಲ್ಲಿ ಓಡಬೇಕೆಂದು ಕೂಗಿ ಹೇಳಿ, ಬಿಡುವಿದ್ದವಳ ಕೈಗೆ ದಾಟಿಸುವವಳು. ಮೊದಲ ವರ್ಷವಿಡೀ ಆ ಜಾಗ ನನ್ನದಾಗಿತ್ತು.

ವಿದ್ಯಾರ್ಥಿಗಳ ವಸತಿಯ ಹಿಂದೆ ಡಾಂಬರು ಹಾಕಿದ ಅರ್ಧ ಕೋರ್ಟ್ ಇತ್ತು. ಸೆಪ್ಟೆಂಬರಿನ ಒಂದು ಸಂಜೆ ನಾನು ಅಲ್ಲಿ ಒಬ್ಬಳೇ ಶೂಟ್ ಮಾಡುತ್ತಿದ್ದೆ. ಒಂದೂ ಬೀಳುತ್ತಿರಲಿಲ್ಲ. ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ಬೇಲಿಯಾಚೆ ನಿಂತು ನೋಡುತ್ತಿದ್ದರು. ನಾಲ್ಕನೆಯ ಸಲವೂ ಚೆಂಡು ರಿಂಗಿಗೆ ಬಡಿದು ಹೊರಬಿದ್ದಾಗ ತಮ್ಮಷ್ಟಕ್ಕೆ ತಾವೇ ಅಂದರು:

“ಮೊಳಕೈ ಹೊರಗ ಹೊಂಟೈತಿ. ಹೆಂಗ ಬೀಳತೈತಿ ಅದು?”

ಚೆಂಡು ಎತ್ತ ಉರುಳಿತೋ ನಾನು ನೋಡಲಿಲ್ಲ. “ನೀವು ಕನ್ನಡದವರಾ?” ಎಂದೆ.

ಅವರಿಗೆ ನನಗಿಂತ ಹೆಚ್ಚು ಗಾಬರಿಯಾಯಿತು. “ಅಯ್ಯೋ, ಸಾರಿ ರೀ. ನಿಮಗೆ ಅರ್ಥ ಆಗುತ್ತೆ ಅಂತ ಗೊತ್ತಿರಲಿಲ್ಲ” ಎಂದರು. ಒಂದೇ ಕ್ಷಣದಲ್ಲಿ ಮಾತು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದಿತ್ತು.

ಒಳಗೆ ಬನ್ನಿ ಎಂದೆ. ಗಾಡಿಯಲ್ಲಿ ಎರಡು ತಿಂಗಳ ಹೆಣ್ಣುಮಗು ಮಲಗಿತ್ತು. ಗಾಡಿಯ ಬ್ರೇಕ್ ಹಾಕಿ, ಮತ್ತೊಮ್ಮೆ ಅಲುಗಿಸಿ ನೋಡಿ, ಸಲ್ವಾರಿನ ಮೇಲೆ ತೊಟ್ಟಿದ್ದ ಕೋಟಿನ ತೋಳು ಸರಿಸಿಕೊಂಡು ಚೆಂಡು ತೆಗೆದುಕೊಂಡರು. ಎರಡು ಸಲ ನೆಲಕ್ಕೆ ಬಡಿದರು. ಎಸೆದರು. ರಿಂಗಿಗೆ ತಾಗದೆ ಬಲೆಯೊಳಗಿಂದ ಇಳಿಯಿತು. ಅವರು ನಗಲಿಲ್ಲ. ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ, “ಏಳು ವರ್ಷ ಆಯ್ತು ಮುಟ್ಟಿ” ಎಂದರು.

ಅವರಿಗೆ ಮೂವತ್ತೊಂದು. ಧಾರವಾಡದಲ್ಲಿ ಬಿ.ಎ. ಓದುವಾಗ ಎರಡು ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದರು. ಆಮೇಲೂ ಮದುವೆಯಾಗುವವರೆಗೆ ಆಟ ಬಿಟ್ಟಿರಲಿಲ್ಲ. ಮದುವೆ, ಬೆಂಗಳೂರು. ಗಂಡ ಟೆಲಿಕಾಂ ಎಂಜಿನಿಯರ್. ಅವರ ಕೆಲಸದ ಬೆನ್ನು ಹಿಡಿದು ಇಲ್ಲಿಗೆ ಬಂದದ್ದು. ನಾನು ಅಕ್ಕ ಎಂದು ಕರೆಯತೊಡಗಿದೆ, ಅವರ ಗಂಡನನ್ನು ಭಾವ ಎಂದೆ. ಮನೆಯಲ್ಲಿ ಅವರಿಬ್ಬರೂ ಉರ್ದು ಮಾತಾಡುತ್ತಿದ್ದರು. ಊರಿನ ನಾಲ್ಕಾರು ಕನ್ನಡದ ಮನೆಯವರು ಸೇರಿದಾಗ ಅಕ್ಕ ಎಚ್ಚರಿಕೆಯಿಂದ ಬೆಂಗಳೂರಿನ ಕನ್ನಡ ಆಡುತ್ತಿದ್ದರು. ನನ್ನ ಜೊತೆಯಲ್ಲೂ ಮೊದಮೊದಲು ಹಾಗೆಯೇ, ‘ನೀವು’ ಸೇರಿಸಿಯೇ. ಒಂದು ಶನಿವಾರ ಅವರ ಮನೆಯಲ್ಲಿ ನಾನು ನಾಚಿಕೆಯಿಲ್ಲದೆ ನಾಲ್ಕು ರೊಟ್ಟಿ ಮುಗಿಸಿದೆ. ಅಕ್ಕ ಐದನೆಯದನ್ನು ತಟ್ಟೆಗೆ ಹಾಕಿ, “ತಿನ್ನ ನೀ. ಎಷ್ಟ ಸೊರಗೀದಿ ನೋಡು, ನಿಮ್ಮವ್ವ ನೋಡಿದ್ರ ಅಳತಾಳ” ಎಂದರು. ಅಂದಿನಿಂದ ನಾನು ‘ನೀ’ ಆದೆ. ಮನೆಯಿಂದ ಅಷ್ಟು ದೂರದಲ್ಲಿ ಯಾರಾದರೂ ನನ್ನನ್ನು ಏಕವಚನದಲ್ಲಿ ಕರೆದು ಎಷ್ಟೋ ತಿಂಗಳಾಗಿತ್ತು.

ನವೆಂಬರಿನಲ್ಲಿ ಅವರನ್ನು ತಂಡದ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಹೊಸಬರಿಗಾಗಿ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ಸ್ವೀಡಿಷ್ ತರಗತಿಗೆ ಹೆಸರು ಕೊಟ್ಟಿದ್ದರಿಂದ ಅವರೂ ವಿದ್ಯಾರ್ಥಿನಿಯೇ, ಆಡಲು ಅಡ್ಡಿಯಿರಲಿಲ್ಲ. ನಮ್ಮ ಕೋಚ್ ಐವತ್ತು ದಾಟಿದ ಹೆಂಗಸು, ಶಾಲೆಯೊಂದರಲ್ಲಿ ವ್ಯಾಯಾಮದ ಟೀಚರ್. ಅಕ್ಕ ಹತ್ತು ನಿಮಿಷ ಆಡಿದ್ದನ್ನು ನೋಡಿ ಕಚ್ಚಿಕೊಂಡಿದ್ದ ಸೀಟಿಯನ್ನು ಬಾಯಿಂದ ತೆಗೆದು, “ಇವರು ಇಷ್ಟು ದಿನ ಎಲ್ಲಿದ್ದರು?” ಎಂದು ನನ್ನನ್ನು ಕೇಳಿದರು. ನಾನು ಮಗಳ ಹೊಗಳಿಕೆ ಕೇಳಿದ ತಾಯಿಯಂತೆ ಉಬ್ಬಿದೆ.

ಅವರು ನನ್ನನ್ನೇ ಕೇಳಲು ಕಾರಣವಿತ್ತು. ಅಕ್ಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಸ್ವೀಡಿಷ್ ಇನ್ನೂ ‘ನನ್ನ ಹೆಸರು, ನನ್ನ ಊರು’ ದಾಟಿರಲಿಲ್ಲ. “ನಾ ತಪ್ಪ ಮಾತಾಡಿ ಅವರನ್ನ ನಗಸೂದಕಿಂತ ನೀ ಹೇಳೂದು ಛಲೋ” ಎಂದು ಎಲ್ಲ ಮಾತನ್ನೂ ನನ್ನ ಮೂಲಕ ದಾಟಿಸುತ್ತಿದ್ದರು. ಕೋಚ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಅಕ್ಕನಿಗೆ, ಅಕ್ಕ ಹೇಳಿದ್ದನ್ನು ಕೋಚಿಗೆ. ಕೆಲವೇ ವಾರಗಳಲ್ಲಿ ಅದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತು. ಅಕ್ಕ ಎದುರಿಗೇ ನಿಂತಿದ್ದರೂ ಕೋಚ್ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು.

ಜನವರಿಯಲ್ಲಿ ಭಾವ ಅಪ್ಪಂದಿರ ರಜೆ ತೆಗೆದುಕೊಂಡರು. ಮಗು ನೋಡಿಕೊಳ್ಳಲು ಗಂಡಸಿಗೆ ತಿಂಗಳುಗಟ್ಟಲೆ ರಜೆ ಕೊಡುತ್ತಾರೆ ಎಂಬುದನ್ನು ಹುಬ್ಬಳ್ಳಿಯಲ್ಲಿದ್ದ ಅವರ ತಾಯಿಗೆ ನಂಬಿಸುವುದೇ ಕಷ್ಟವಾಗಿತ್ತು. “ಅಮ್ಮಿಗೆ ನನ್ನ ನೌಕರಿ ಹೋಗಿದೆ ಅಂತಲೇ ಅನುಮಾನ. ಪ್ರತಿ ಸಲ ಫೋನ್ ಇಡೋವಾಗ ‘ಬೇಗ ಇನ್ನೊಂದು ಕೆಲಸ ಸಿಗಲಿ ಮಗಾ’ ಅಂತಾರೆ” ಎಂದು ಭಾವ ನಗುತ್ತಿದ್ದರು. ಎದೆಗೆ ಮಗುವನ್ನು ಕಟ್ಟಿಕೊಂಡು, ಕೈಯಲ್ಲಿ ಗಿಲಕಿ ಹಿಡಿದು, ನಮ್ಮ ಅಭ್ಯಾಸದ ಹೊತ್ತಿಗೆ ಮೆಟ್ಟಿಲಿನ ಮೇಲೆ ಕೂತಿರುತ್ತಿದ್ದರು. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಯಾರ ಚೆಂಡು ಬಿದ್ದರೂ ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಒಂದು ತೊಡಕು: ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ಆರು ತಿಂಗಳು ತುಂಬಿದರೂ, ಗಂಜಿ ತಿನ್ನತೊಡಗಿದರೂ, ನಿದ್ದೆಗೆ ಮೊದಲು ತಾಯಿಯ ಹಾಲೇ ಆಗಬೇಕಿತ್ತು.

ಅದೇ ಜನವರಿಯಲ್ಲಿ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮುಂದೆ ಆಟ ಶುರುಮಾಡುವವರು ಅಕ್ಕ ಎಂದರು. ಮಧ್ಯದಲ್ಲಿ ನಾಲ್ಕೈದು ನಿಮಿಷ ನೀನು, ಅವರಿಗೆ ಉಸಿರು ಬೇಕಾದಾಗ. “ನಿನಗೂ ಗೊತ್ತಿದೆ ಅಲ್ಲವಾ, ಅವರು ಬೇರೆಯೇ ಮಟ್ಟದ ಆಟಗಾರ್ತಿ” ಎಂದರು. ನನಗೆ ಗೊತ್ತಿತ್ತು. ಆಯಿತು ಎಂದೆ. ಅಷ್ಟೇ ಅಲ್ಲ, ಆ ಮಾತನ್ನು ಅಕ್ಕನಿಗೆ ಕನ್ನಡದಲ್ಲಿ ದಾಟಿಸಿದವಳೂ ನಾನೇ.

“ಮತ್ತ ನೀ?” ಎಂದರು ಅಕ್ಕ.

“ನಾನು ಸಬ್‌ಸ್ಟಿಟ್ಯೂಟ್. ಪರವಾಗಿಲ್ಲ ಅಕ್ಕಾ, ನನಗೂ ಥೀಸಿಸ್ ಕೆಲಸ ಇದೆ.”

ಎರಡು ವಾರ ನಿಜವಾಗಿಯೂ ಬೇಸರವೆನಿಸಲಿಲ್ಲ. ಆಮೇಲೆ ಒಳಗೊಳಗೇ ಏನೋ ಹುಳಿಯತೊಡಗಿತು. ಕೋಚ್ ಆಟ ನಿಲ್ಲಿಸಿ, “ನೋಡಿ, ಅವರು ಹೇಗೆ ತಲೆಯೆತ್ತಿ ಚೆಂಡು ತರುತ್ತಾರೆ” ಎಂದು ಎಲ್ಲರಿಗೂ ತೋರಿಸುವಾಗ ನಾನು ಅದನ್ನು ಕನ್ನಡಕ್ಕೆ ತರಬೇಕಿತ್ತು. ತರುತ್ತಿದ್ದೆ, ಸ್ವಲ್ಪ ಚಿಕ್ಕದಾಗಿ. ‘ತುಂಬ ಚೆನ್ನಾಗಿದೆ’ ಎಂದದ್ದು ನನ್ನ ಬಾಯಲ್ಲಿ ‘ಪರವಾಗಿಲ್ಲವಂತೆ’ ಆಗುತ್ತಿತ್ತು. ನನ್ನನ್ನು ನಾನೇ ಆಗ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಮಾರ್ಚ್ ಕೊನೆಯ ವಾರ ಉತ್ತರ ವಲಯದ ವಿದ್ಯಾರ್ಥಿನಿಯರ ಟೂರ್ನಮೆಂಟ್. ಆರು ತಂಡಗಳು. ಆ ಸಲ ನಡೆದದ್ದು ನಮ್ಮ ಹಾಲಿನಲ್ಲೇ. ದೂರದ ಊರುಗಳಿಂದ ಬಂದ ಹುಡುಗಿಯರು ಕ್ಲಾಸ್‌ರೂಮುಗಳಲ್ಲಿ ಗಾಳಿ ತುಂಬಿದ ಹಾಸಿಗೆ ಹಾಸಿಕೊಂಡು ಮಲಗಿದ್ದರು. ಹಾಲಿನ ಬಾಗಿಲಲ್ಲಿ ಎಲ್ಲರ ಬೂಟುಗಳ ರಾಶಿ, ಕರಗಿದ ಹಿಮದ ಕೆಸರು. ಒಳಗೆ ಕಾಫಿ, ದಾಲ್ಚಿನ್ನಿ ಹಾಕಿದ ಬನ್ನು, ಬೆವರು, ಎಲ್ಲ ಬೆರೆತ ವಾಸನೆ. ಶನಿವಾರ ಎರಡು ಆಟ. ಒಂದು ಗೆದ್ದೆವು, ಒಂದು ಸೋತೆವು. ಅದರಲ್ಲೇ ಸೆಮಿಫೈನಲ್ ತಲುಪಿದೆವು. ಎರಡೂ ಆಟಗಳಲ್ಲಿ ಸೇರಿ ನಾನು ಆಡಿದ್ದು ಆರು ನಿಮಿಷ. ಮೈಸೂರಿಗೆ ಫೋನ್ ಮಾಡಿದಾಗ ಅಪ್ಪ, “ಎಷ್ಟು ಪಾಯಿಂಟ್ ಹೊಡೆದೆ?” ಎಂದು ಕೇಳಿದರು. “ಇವತ್ತು ಪಾಸ್ ಕೊಡೋದೇ ಜಾಸ್ತಿ ಇತ್ತು ಅಪ್ಪಾ” ಎಂದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸೆಮಿಫೈನಲ್. ಎದುರಾಳಿಗಳು ಎತ್ತರದವರು, ಚೆಂಡು ತರುವವಳಿಗೆ ಉಸಿರಾಡಲು ಬಿಡದೆ ಇಬ್ಬಿಬ್ಬರು ಮುಗಿಬೀಳುವವರು. ಅಕ್ಕ ಇಬ್ಬರ ನಡುವಿನಿಂದ ನುಸುಳಿ, ಕನ್ನಡದಲ್ಲಿ ಬೈದುಕೊಳ್ಳುತ್ತ, ಚೆಂಡನ್ನು ಹೇಗೋ ದಾಟಿಸುತ್ತಿದ್ದರು. ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಎರಡು ಮುಗಿದಾಗ ನಾವು ಮೂರು ಪಾಯಿಂಟ್ ಹಿಂದಿದ್ದೆವು. ಮೆಟ್ಟಿಲಿನ ಮೇಲೆ ಮಗು ಜೋರಾಗಿ ಅಳುತ್ತಿತ್ತು. ಗದ್ದಲಕ್ಕೆ ಬೆಳಗಿನ ನಿದ್ದೆ ತಪ್ಪಿತ್ತು, ಗಂಜಿ ಉಗುಳಿತ್ತು. ಭಾವ ಬೆವೆತುಹೋಗಿದ್ದರು. ಅಕ್ಕ ಓಡಿ ಹೋಗಿ ಮಗುವನ್ನು ಎತ್ತಿಕೊಂಡು, ಬಟ್ಟೆ ಬದಲಿಸುವ ಕೋಣೆಯ ಪಕ್ಕದಲ್ಲಿದ್ದ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಚಾಪೆ, ಜಾಲರಿ, ಹಳೆಯ ಚೆಂಡುಗಳನ್ನು ಇಡುತ್ತಿದ್ದ ಕೋಣೆ ಅದು.

ಹತ್ತು ನಿಮಿಷದ ವಿರಾಮ. ಮುಗಿಯಲು ಇನ್ನು ಮೂರು ನಿಮಿಷವಿದ್ದಾಗ ಕೋಚ್ ನನ್ನನ್ನು ಕರೆದುಕೊಂಡು ಆ ಬಾಗಿಲಿಗೆ ಬಂದರು. “ಆಡಲು ಆಗುತ್ತದಾ ಕೇಳು” ಎಂದರು.

ನಾನು ಬಾಗಿಲಿಗೆ ಬಾಯಿ ಹಚ್ಚಿ, “ಅಕ್ಕಾ, ಬರೋಕಾಗುತ್ತಾ ಅಂತ ಕೇಳ್ತಿದ್ದಾರೆ” ಎಂದೆ.

ಒಳಗಿನಿಂದ ಅಕ್ಕನ ದನಿ, ಮಗುವಿಗೆ ತಟ್ಟುತ್ತಿದ್ದ ಸದ್ದಿನ ಜೊತೆ: “ಎರಡ ನಿಮಿಷ ತಡೀರಿ ಅನ್ನು. ಕೂಸು ಕಣ್ಣ ಮುಚ್ಚಾಕತ್ತೈತಿ. ಆಟ ಸುರು ಆಗೂದ್ರಾಗ ಬಂದ ಬಿಡತೀನಿ.”

“ಏನಂದರು?” ಕೋಚ್ ಕೇಳಿದರು.

ನಾನು ಯೋಚಿಸಿ ಸುಳ್ಳು ಹೇಳಿದೆನೆಂದರೆ ಅದೂ ಸುಳ್ಳಾಗುತ್ತದೆ. ಯೋಚಿಸಲಿಲ್ಲ. ಬಾಯಿ ತಾನಾಗಿ ತೆರೆಯಿತು. “ಆಗಲ್ಲವಂತೆ. ಮಗು ಸುಮ್ಮನಾಗುತ್ತಿಲ್ಲ. ಮೂರನೇ ಕ್ವಾರ್ಟರ್ ಬಿಟ್ಟುಬಿಡಿ ಅಂತಿದ್ದಾರೆ” ಎಂದೆ.

ಕೋಚ್ ಸಿಟ್ಟಾಗಿದ್ದರೆ, ಅಥವಾ ಇನ್ನೊಮ್ಮೆ ಕೇಳು ಎಂದಿದ್ದರೆ, ನಾನು ಬಹುಶಃ ಹಿಂತೆಗೆಯುತ್ತಿದ್ದೆ. ಅವರ ಮುಖ ಮೆತ್ತಗಾಯಿತು. “ಖಂಡಿತ. ಮಗು ಮೊದಲು. ಪಾಪ, ಎಷ್ಟು ದಣಿದಿದ್ದಾರೋ” ಎಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟರು. “ನೀನು ಶುರುಮಾಡು.”

ಅಕ್ಕ ಹೇಳಿದ ಹಾಗೆಯೇ ಬಂದರು. ರೆಫರಿ ಸೀಟಿ ಊದುವುದಕ್ಕೆ ಮೊದಲು, ಲೇಸ್ ಬಿಗಿದುಕೊಂಡು, ಜಡೆ ಮತ್ತೆ ಕಟ್ಟಿಕೊಂಡು. ಕೋಚ್ ಎದ್ದು ಹೋಗಿ ಅವರ ಹೆಗಲಿಗೆ ಜಾಕೆಟ್ ಹೊದಿಸಿದರು. ಬೆಂಚಿನ ಮೇಲೆ ಕೂರಿಸಿ ನಿಧಾನವಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಕೋರ್ಟಿನ ಮಧ್ಯದಲ್ಲಿ ನಿಂತಿದ್ದೆ. ಅಕ್ಕ ನನ್ನತ್ತ ನೋಡಿದರು. ನಾನು ಬಗ್ಗಿ ನೆಟ್ಟಗಿದ್ದ ಲೇಸನ್ನೇ ಬಿಚ್ಚಿ ಕಟ್ಟಿದೆ.

ಕೆಟ್ಟದಾಗಿ ಆಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅಂದು ನಾನು ಆಡಿದ ಹಾಗೆ ಜೀವನದಲ್ಲಿ ಮತ್ತೆಂದೂ ಆಡಲಿಲ್ಲ. ಅರ್ಧ ಗಂಟೆ ಅಕ್ಕನನ್ನು ಅಟ್ಟಿಸಿಕೊಂಡು ಓಡಿದ್ದ ಎದುರಾಳಿಗಳ ಕಾಲು ಸೋತಿದ್ದವು. ನಾನು ದಣಿದಿರಲಿಲ್ಲ. ಮೂರು ಸಲ ನನ್ನ ಪಾಸ್ ನೇರವಾಗಿ ಬ್ಯಾಸ್ಕೆಟ್ ಕೆಳಗಿದ್ದ ನಮ್ಮ ಕ್ಯಾಪ್ಟನ್ ಕೈಗೆ ಹೋಯಿತು. ಒಂದು ದೂರದ ಶಾಟ್ ಬಿತ್ತು. ಮೊಳಕೈ ಒಳಗಿತ್ತು. ಕ್ವಾರ್ಟರ್ ಮುಗಿದಾಗ ನಾವು ನಾಲ್ಕು ಪಾಯಿಂಟ್ ಮುಂದಿದ್ದೆವು. ಕೊನೆಯ ಐದು ನಿಮಿಷಕ್ಕೆ ಅಕ್ಕ ಬಂದು ಆ ಮುನ್ನಡೆಯನ್ನು ಕಾಯ್ದರು. ಎರಡು ಪಾಯಿಂಟಿನಿಂದ ಗೆದ್ದೆವು.

ಹುಡುಗಿಯರೆಲ್ಲ ನನ್ನ ಮೇಲೆ ಬಿದ್ದು ಕುಣಿದರು. ಅಕ್ಕ ಎಲ್ಲರಿಗೂ ಹಸ್ತ ತಟ್ಟಿದಂತೆ ನನಗೂ ತಟ್ಟಿ, ಮಗುವಿನ ಗಾಡಿಯತ್ತ ಹೋದರು.

ಫೈನಲ್ ಮಧ್ಯಾಹ್ನ ಎರಡಕ್ಕೆ. ನಡುವೆ ಮೂರು ಗಂಟೆಗೂ ಹೆಚ್ಚು ಸಮಯ. ಹೊರಗೆ ಬಿಸಿಲು ಬಿದ್ದಿತ್ತು, ಹಿಮದ ಮೇಲ್ಪದರ ಗಾಜಿನಂತೆ ಹೊಳೆಯುತ್ತಿತ್ತು. ಅಲ್ಲಿಯವರು ಮಕ್ಕಳನ್ನು ಚಳಿಯಲ್ಲೇ ಗಾಡಿಯಲ್ಲಿ ಮಲಗಿಸುತ್ತಾರೆ. ಭಾವನೂ ಅದನ್ನು ಕಲಿತು, ಮಗುವನ್ನು ಕುರಿಯ ಉಣ್ಣೆಯ ಹಾಸಿನಲ್ಲಿ ಸುತ್ತಿ, ಪಾರ್ಕಿಂಗ್ ಜಾಗದ ಸುತ್ತ ಗಾಡಿ ತಳ್ಳುತ್ತ ಓಡಾಡುತ್ತಿದ್ದರು. ಅಕ್ಕ ಹಾಲಿನ ಹಿಂದಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಹೋಗಿ ನಿಂತೆ.

ಅವರು ತಲೆಯೆತ್ತಿ ಕೇಳಿದರು: “ನಿಮ್ಮದು ಊಟ ಆಯ್ತಾ?”

ಆರು ತಿಂಗಳಿನಿಂದ ನಾನು ‘ನೀ’ ಆಗಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಕ್ಕಾ, ನಾನು ಬೆಳಿಗ್ಗೆ…”

“ಗೊತ್ತಿದೆ. ನನಗೆ ಇಂಗ್ಲಿಷ್ ಮಾತಾಡೋಕೆ ಬರಲ್ಲ, ಕೇಳಿದ್ರೆ ತಿಳಿಯುತ್ತೆ. ‘ನಿನ್ನ ಗೆಳತಿ ಎಲ್ಲ ಹೇಳಿದಳು, ನಿನಗೆ ಆಗ್ತಿಲ್ಲ ಅಂತ, ವಿಶ್ರಾಂತಿ ತಗೋ’ ಅಂದ್ರು ಕೋಚ್. ನಾನು ಹಾಗೆ ಹೇಳಿರಲಿಲ್ಲ.”

“ಹೌದು. ನಾನು ಸುಳ್ಳು ಹೇಳಿದೆ.”

“ಯಾಕೆ?”

“ಆಡಬೇಕು ಅನ್ನಿಸ್ತು.”

ಅಕ್ಕ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಬುತ್ತಿಯಲ್ಲಿಟ್ಟು ಮುಚ್ಚಿದರು. “ಆಡಬೇಕು ಅಂತ ನನಗೆ ಹೇಳಿದ್ದರೆ ಆಗ್ತಿತ್ತು. ‘ಅಕ್ಕಾ, ಈ ಕ್ವಾರ್ಟರ್ ನನಗೆ ಕೊಡಿ’ ಅಂದಿದ್ದರೆ ಕೊಡ್ತಿದ್ದೆ. ನಾನೇನು ಇಲ್ಲಿ ಕಪ್ ಗೆದ್ದು ಯಾವ ಊರಿಗೆ ಒಯ್ಯಬೇಕಾಗಿದೆ?” ದನಿ ಏರಿರಲಿಲ್ಲ. “ಆದರೆ ನೀವು ನನ್ನ ಬಾಯಿಂದ ನನಗಾಗಲ್ಲ ಅನ್ನಿಸಿದ್ರಿ. ಮದುವೆ ಆದಾಗ ಅತ್ತೆ ಮನೆಯವರು ಅಂದ್ರು, ಇನ್ನು ಅವಳಿಗೆ ಆಡೋಕಾಗಲ್ಲ ಅಂತ. ಮಗು ಆದಮೇಲೆ ಡಾಕ್ಟರ್ ಅಂದ್ರು. ಎಲ್ಲರೂ ನನ್ನ ಪರವಾಗಿ ಹೇಳಿದವರೇ. ನನ್ನನ್ನ ಯಾರೂ ಕೇಳಿರಲಿಲ್ಲ. ಇಲ್ಲಿ ಮೊದಲ ಸಲ ಕೇಳಿದ್ರು, ಅದಕ್ಕೆ ನೀವು ಉತ್ತರ ಕೊಟ್ಟುಬಿಟ್ರಿ.”

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಮೂಗು ಒರೆಸಿಕೊಂಡು ಕ್ಷಮೆ ಕೇಳಿದಾಗ, “ನನಗೆ ಹೇಳಿದ್ರಿ, ಆಯ್ತು. ಅವರ ತಲೆಯಲ್ಲಿ ಈಗ ನಾನು ಅರ್ಧ ಆಟದ ಹೆಂಗಸು. ಅದನ್ನ ಯಾರು ತೆಗೀತಾರೆ?” ಎಂದರು.

ಕೋಚ್ ಒಳಗೆ ಫೀಕಾಕ್ಕೆ ಕೂತಿದ್ದರು; ಕಾಫಿಯ ಹೊತ್ತು ಅವರಿಗೆ ಪೂಜೆಯ ಹೊತ್ತಿನಂತೆ, ಯಾರೂ ತೊಂದರೆ ಕೊಡುತ್ತಿರಲಿಲ್ಲ. ಅವರ ಮುಂದೆ ಮೇಜಿನ ಮೇಲೆ ಫೈನಲ್ಲಿಗೆ ಬರೆದುಕೊಂಡಿದ್ದ ಚೀಟಿ. ಶುರುಮಾಡುವ ಐವರಲ್ಲಿ ಪಾಯಿಂಟ್ ಗಾರ್ಡ್ ಜಾಗದಲ್ಲಿ ನನ್ನ ನಂಬರ್ ಇತ್ತು. ಅದನ್ನು ನೋಡಿದ ಮೇಲೂ ನಾನು ಹೇಳಿದೆನೆಂಬುದೊಂದೇ ಆ ದಿನದ ನನ್ನ ಒಳ್ಳೆಯ ಕೆಲಸ. ಬಾಗಿಲಾಚೆಯಿಂದ ಅಕ್ಕ ಹೇಳಿದ್ದೇನು, ನಾನು ದಾಟಿಸಿದ್ದೇನು, ಎರಡನ್ನೂ ಹೇಳಿದೆ. ಜನವರಿಯಿಂದ ಚಿಕ್ಕದು ಮಾಡುತ್ತ ಬಂದ ಮೆಚ್ಚುಗೆಗಳನ್ನೂ.

ಕೋಚ್ ಲೋಟ ಕೆಳಗಿಟ್ಟರು. ಕೂಗಾಡಲಿಲ್ಲ. ಕಿಟಕಿಯಾಚೆ ನೋಡಿದರು. ಆಮೇಲೆ ಪೆನ್ನು ತೆಗೆದು ನನ್ನ ನಂಬರನ್ನು ಹೊಡೆದುಹಾಕಿ ಅಕ್ಕನ ನಂಬರ್ ಬರೆದರು.

“ನೀನು ಮಾಡಿದ್ದು ತಪ್ಪು. ಹೇಳಿದ್ದು ಸರಿ” ಎಂದರು. ಮತ್ತೆ ಪೆನ್ನು ಮುಚ್ಚುತ್ತ, “ನನ್ನದೂ ತಪ್ಪಿದೆ. ನಾನು ಬಾಗಿಲು ತಟ್ಟಿ ಅವರನ್ನೇ ಕೇಳಬಹುದಿತ್ತು. ಐದು ತಿಂಗಳಲ್ಲಿ ಒಂದು ಸಲವೂ ನಾನು ಅವರ ಮುಖ ನೋಡಿ ಏನನ್ನೂ ಕೇಳಲಿಲ್ಲ. ನಿನ್ನ ಜೊತೆ ಮಾತಾಡುವುದು ಸುಲಭವಾಗಿತ್ತು, ಅದಕ್ಕೆ” ಎಂದರು.

ಅವರು ಎದ್ದು ಹೊರಗೆ ಹೋದರು. ನಾನೂ ಹಿಂದೆ ಹೊರಟಾಗ ಕೈಯೆತ್ತಿ ತಡೆದರು. ಕಿಟಕಿಯ ಗಾಜಿನಿಂದ ನೋಡಿದೆ. ಕೋಚ್ ಮೆಟ್ಟಿಲ ಮೇಲೆ ಅಕ್ಕನ ಪಕ್ಕದಲ್ಲಿ ಕೂತರು. ಅಕ್ಕ ಮೊದಲು ಅಭ್ಯಾಸಬಲದಿಂದ ನಾನೆಲ್ಲಿ ಎಂದು ಸುತ್ತ ನೋಡಿದರು. ಆಮೇಲೆ ಮಾತಾಡಿದರು. ಕೈ ಆಡಿಸುತ್ತ, ತಡವರಿಸುತ್ತ, ಒಂದು ಸಲ ಹಿಮದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತ. ಕೋಚ್ ಎರಡು ಮೂರು ಸಲ ತಲೆಯಾಡಿಸಿ ಮತ್ತೆ ಕೇಳಿದರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಅಕ್ಕ ಎಂದೂ ಹೇಳಲಿಲ್ಲ, ನಾನು ಕೇಳಲಿಲ್ಲ.

ಫೈನಲ್ಲಿನಲ್ಲಿ ಎದುರಾಗಿದ್ದವರು ಶನಿವಾರ ನಮ್ಮನ್ನು ಸೋಲಿಸಿದ್ದ ತಂಡವೇ. ನಾನು ಬೆಂಚಿನಲ್ಲಿದ್ದೆ. ಹುಡುಗಿಯರಿಗೆ ಅಚ್ಚರಿ, ಬೆಳಿಗ್ಗೆ ಅಷ್ಟು ಚೆನ್ನಾಗಿ ಆಡಿದವಳನ್ನು ಯಾಕೆ ಕೂರಿಸಿದ್ದಾರೆಂದು. ಕ್ಯಾಪ್ಟನ್ ಕಿವಿಯಲ್ಲಿ, “ಗಾಯವಾಗಿದೆಯಾ?” ಎಂದು ಕೇಳಿದಳು. ಇಲ್ಲ ಎಂದೆ. ಅಕ್ಕ ಮೊದಲರ್ಧ ಪೂರ್ತಿ ಆಡಿದರು. ಕೂಗಿ ಹೇಳಬೇಕಾದದ್ದನ್ನು ಅಂದು ಕನ್ನಡದಲ್ಲಿ ಕೂಗಲಿಲ್ಲ. ‘ಎಡಕ್ಕೆ’, ‘ಬಲಕ್ಕೆ’, ‘ಓಡು’ ಎಂಬ ಮೂರೇ ಸ್ವೀಡಿಷ್ ಪದಗಳಲ್ಲಿ ಆಟ ನಡೆಸಿದರು. ಒಮ್ಮೆ ಎಡ ಬಲ ಅದಲುಬದಲಾಗಿ, ನಮ್ಮ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಹಾಲೆಲ್ಲ ನಕ್ಕಿತು. ಅಕ್ಕನೂ ನಕ್ಕುಬಿಟ್ಟರು.

ವಿರಾಮದಲ್ಲಿ ಮತ್ತೆ ಅದೇ ಚಿಕ್ಕ ಕೋಣೆ, ಮತ್ತೆ ಮಗು. ಈ ಸಲ ಅಕ್ಕ ಒಳಗೆ ಹೋಗುವ ಮುಂಚೆ ತಾವೇ ಕೋಚ್ ಬಳಿ ನಿಂತು ಎರಡು ಬೆರಳು ತೋರಿಸಿದರು. ಇಂಗ್ಲಿಷಿನಲ್ಲಿ, “ಟೂ ಮಿನಿಟ್ ಲೇಟ್. ಶೀ ಪ್ಲೇ. ದೆನ್ ಮೀ” ಎಂದರು. ‘ಶೀ’ ಎಂದಾಗ ತೋರಿಸಿದ್ದು ನನ್ನನ್ನು. ಕೋಚ್ ಹೂಂ ಎಂದರು. ನಾನು ಎರಡು ನಿಮಿಷ ಆಡಿದೆ. ಒಂದು ಚೆಂಡು ಕಳೆದುಕೊಂಡೆ, ಒಂದು ಕಸಿದುಕೊಂಡೆ. ಅಕ್ಕ ಗೆರೆಯ ಹತ್ತಿರ ಬಂದು ನಿಂತಾಗ ಹೊರಬಂದೆ.

ಐದು ಪಾಯಿಂಟಿನಿಂದ ಸೋತೆವು. ಅವರು ನಮಗಿಂತ ಒಳ್ಳೆಯ ತಂಡ, ಅದರಲ್ಲಿ ಎರಡು ಮಾತಿಲ್ಲ. ಭಾವ ಮಾತ್ರ ಪದಕ ಕೊಡುವವರೆಗೂ ನಾವೇ ಗೆದ್ದಿದ್ದೇವೆಂದು ತಿಳಿದು ಚಪ್ಪಾಳೆ ಹೊಡೆಯುತ್ತಿದ್ದರು.

ಆಮೇಲಿನ ಐದಾರು ವಾರ ಅಕ್ಕ ಫೋನ್ ಮಾಡಲಿಲ್ಲ. ಅಭ್ಯಾಸದಲ್ಲಿ ಸಿಕ್ಕಾಗ ಚೆನ್ನಾಗಿದ್ದೀರಾ ಎನ್ನುತ್ತಿದ್ದರು. ನಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಅವರ ಮನೆಯ ಬಸ್ಸು ಹತ್ತಿ, ಒಂದು ಸ್ಟಾಪ್ ಹಿಂದೆಯೇ ಇಳಿದು ವಾಪಸು ನಡೆದದ್ದೂ ಉಂಟು. ಕೋಚ್ ಈಗ ನೇರವಾಗಿ ಅವರ ಹತ್ತಿರ ಹೋಗಿ ಮಾತಾಡುತ್ತಿದ್ದರು; ಅರ್ಥವಾಗದಿದ್ದರೆ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದರು. ನಾನು ಚೆಂಡುಗಳನ್ನು ಜಾಲರಿಗೆ ತುಂಬುತ್ತ ದೂರದಿಂದ ಕೇಳಿಸಿಕೊಳ್ಳುತ್ತಿದ್ದೆ. ಅಕ್ಕನ ಸ್ವೀಡಿಷ್ ನನಗಿಂತ ಬೇಗ ಬೆಳೆಯುತ್ತಿತ್ತು. ನಾನು ಇಂಗ್ಲಿಷಿನ ಆಸರೆಯಲ್ಲಿ ಸೋಮಾರಿಯಾಗಿದ್ದೆ. ಅವರಿಗೆ ಆ ಆಸರೆ ಇರಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಫೋನ್ ಬಂತು. “ಕೂಸು ಎದ್ದ ನಿಂದ್ರಾಕತ್ತೈತಿ. ನೋಡಾಕ ಬರೂದಿಲ್ಲೇನು?” ಎಂದರು. ನಾನು ಅರ್ಧ ಗಂಟೆಯಲ್ಲಿ ಅಲ್ಲಿದ್ದೆ. ಮಗು ಸೋಫಾದ ಅಂಚು ಹಿಡಿದು ನಿಂತು, ನನ್ನನ್ನು ನೋಡಿ ದೊಪ್ಪನೆ ಕೂತುಬಿಟ್ಟಿತು. ಭಾವ ಚಹಾ ಮಾಡಿದರು. ಅಪ್ಪಂದಿರ ರಜೆ ಅವರಿಗೆ ಗಂಜಿ ಕಲಿಸಿತ್ತು, ಚಹಾ ಕಲಿಸಿರಲಿಲ್ಲ. ಹಳೆಯದನ್ನು ಯಾರೂ ಎತ್ತಲಿಲ್ಲ. ಎಲ್ಲ ಮೊದಲಿನಂತಾಯಿತು ಎಂದು ಹೇಳಲಾರೆ. ಅಕ್ಕನ ಮುಂದೆ ನಾನು ಇಂದಿಗೂ ಸ್ವಲ್ಪ ಎಚ್ಚರದಿಂದ ಮಾತಾಡುತ್ತೇನೆ, ಅದು ಅವರಿಗೂ ಗೊತ್ತು.

ಅಂದು ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಕಮ್ಯೂನಿನವರು, ಎಂದರೆ ಊರಿನ ಆಡಳಿತದವರು, ಚಿಕ್ಕ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡಲು ಜನ ಹುಡುಕುತ್ತಿದ್ದರು. ಅಕ್ಕ ಅದನ್ನು ಸ್ವೀಡಿಷಿನಲ್ಲಿ, ತಾವೇ ಕೂತು, ನಿಘಂಟು ನೋಡಿ ತುಂಬಿದ್ದರು. ಎರಡು ಪುಟ, ನೀಲಿ ಶಾಯಿ, ಅಲ್ಲಲ್ಲಿ ಹೊಡೆದು ತಿದ್ದಿದ ಗುರುತು.

“ಓದು. ತಪ್ಪಿದ್ರ ಹೇಳು” ಎಂದು ನನ್ನ ಕೈಗೆ ಕೊಟ್ಟರು.

ಓದಿದೆ. ಹುಬ್ಬಳ್ಳಿಯಲ್ಲಿ ಆಡಲು ಕಲಿತದ್ದು, ಧಾರವಾಡದ ತಂಡ, ಏಳು ವರ್ಷ ಬಿಟ್ಟಿದ್ದು, ಮಗು ಹುಟ್ಟಿದ ಮೇಲೆ ಮತ್ತೆ ಶುರುಮಾಡಿದ್ದು, ಎಲ್ಲ ಇತ್ತು. “ಎಂಟು ಹತ್ತು ಕಡೆ ತಪ್ಪಿದೆ ಅಕ್ಕಾ. ಅರ್ಥ ಎಲ್ಲ ಆಗುತ್ತೆ. ತಿದ್ದಲಾ?” ಎಂದೆ.

ಅಕ್ಕ ಕಾಗದವನ್ನು ವಾಪಸು ತೆಗೆದುಕೊಂಡರು. “ಅರ್ಥ ಆಗತೈತಿ ಅಂದ್ರ ಸಾಕು. ಇರ್ಲಿ ಬಿಡು, ಹಂಗ ಕಳಸ್ತೀನಿ.”

ಹಾಗೆಯೇ ಕಳಿಸಿದರು. ಆಗಸ್ಟಿನಲ್ಲಿ ಒಪ್ಪಿಗೆಯ ಪತ್ರ ಬಂತು. ಮಗು ಅಲ್ಲಿಯವರು ಡಾಗಿಸ್ ಎನ್ನುವ ಶಿಶುವಿಹಾರಕ್ಕೆ ಸೇರಿತು, ಭಾವ ಆಫೀಸಿಗೆ ಮರಳಿದರು, ಹುಬ್ಬಳ್ಳಿಯ ಅಮ್ಮಿ ಮಗನಿಗೆ ಕೊನೆಗೂ ಕೆಲಸ ಸಿಕ್ಕಿತೆಂದು ಓಣಿಗೆಲ್ಲ ಸಿಹಿ ಹಂಚಿದರಂತೆ. ನಾನು ಓದು ಮುಗಿಸಿ, ಕೆಲಸ ಸಿಕ್ಕಿದ್ದರಿಂದ ದಕ್ಷಿಣದ ಹೆಲ್ಸಿಂಗ್‌ಬೋರ್ಯ್‌ಗೆ ಹೊರಟೆ. ಹೊರಡುವ ಮುಂಚಿನ ಗುರುವಾರ ಅಕ್ಕನ ತರಗತಿ ನೋಡಲು ಹೋಗಿದ್ದೆ. ಎಂಟು ಒಂಬತ್ತು ವರ್ಷದ ಹನ್ನೆರಡು ಹುಡುಗಿಯರು, ಕೋರ್ಟಿನ ತುಂಬ ಗಲಾಟೆ. ಒಬ್ಬಳು ಕೆಂಪು ಜಡೆಯವಳು ಎಷ್ಟು ಎಸೆದರೂ ಚೆಂಡು ಹೊರಗೇ ಬೀಳುತ್ತಿತ್ತು. ಅಕ್ಕ ಅವಳ ಪಕ್ಕ ಮಂಡಿಯೂರಿ ಕೂತು, ಏನೂ ಹೇಳುವ ಮೊದಲು, ಅವಳಿಗೆ ಏನು ಕಷ್ಟವಾಗುತ್ತಿದೆಯೆಂದು ತಮ್ಮ ಮುರುಕು ಸ್ವೀಡಿಷಿನಲ್ಲಿ ಕೇಳಿದರು. ಹುಡುಗಿ ಉದ್ದವಾಗಿ ಏನೋ ಹೇಳತೊಡಗಿದಳು. ಅಕ್ಕನಿಗೆ ಅರ್ಧವಾದರೂ ತಿಳಿಯಿತೋ ಇಲ್ಲವೋ, ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತ ಕೂತಿದ್ದರು.